ತಾಗದೆ ಹತ್ತಿರ: ದ್ರಾಕ್ಷಿ ತೋಟದಲ್ಲಿ ಒಂದು ನಿಶ್ಚಿತಾರ್ಥದ ಜೋಡಿ ಫೋಟೋ

ನಿಶ್ಚಿತಾರ್ಥದ ದಿನ ಹುಡುಗ ಹುಡುಗಿ ಇಬ್ಬರೇ ಇರುವ ಫೋಟೋಗೆ ಸಮಯ ಸಿಗುವುದೇ ಕಷ್ಟ. ವೀಳ್ಯಶಾಸ್ತ್ರ ಮುಗಿಯಬೇಕು, ಉಂಗುರ ಹಾಕಬೇಕು, ನೆಂಟರೆಲ್ಲ ಸಾಲಾಗಿ ಸ್ಟೇಜ್ ಹತ್ತಿ ಇಳಿಯಬೇಕು. ಇದರ ಮಧ್ಯೆ ಎಲ್ಲೋ ಒಂದು ಸಂದು ಸಿಕ್ಕರೆ ಜೋಡಿ ಫೋಟೋ. ಕೊನೆಗೆ ಗೋಡೆಗೆ ಹೋಗುವುದು, ಮದುವೆ ಪತ್ರಿಕೆಗೆ ಹೋಗುವುದು, ಛತ್ರದ ಬಾಗಿಲಲ್ಲಿ ಫ್ಲೆಕ್ಸ್ ಆಗಿ ನಿಲ್ಲುವುದು ಮಾತ್ರ ಆ ಸಂದಿನಲ್ಲಿ ತೆಗೆದ ಫೋಟೋನೇ.

ಈ ಬರಹ ಅಂಥ ಒಂದು ಕೆಲಸದ ಬಗ್ಗೆ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗುವ ದಾರಿಯ ಕಡೆಯ ಒಂದು ಹಳ್ಳಿ. ಫೆಬ್ರವರಿಯ ಒಂದು ಭಾನುವಾರ. ಹುಡುಗಿ ಮನೆ ಮುಂದೆ ಶಾಮಿಯಾನ, ಹಿತ್ತಲು ದಾಟಿದರೆ ದ್ರಾಕ್ಷಿ ತೋಟ. ಹೆಸರುಗಳನ್ನು ಬಿಟ್ಟಿದ್ದೇನೆ. ಜೋಡಿಯನ್ನು ಹೇಗೆ ನಿಲ್ಲಿಸಬೇಕು ಅಂತ ಇಂಟರ್‌ನೆಟ್‌ನಲ್ಲಿ ಸಿಗುವ ಪಾಠಗಳೆಲ್ಲ ಆಗಲೇ ಸಲುಗೆ ಇರುವ ಜೋಡಿಗಳಿಗೆ ಮಾಡಿದವು. ಕೈ ಹಿಡಿಯಿರಿ, ಹಣೆಗೆ ಹಣೆ ತಾಗಿಸಿ, ಹಿಂದಿನಿಂದ ತಬ್ಬಿ. ನಮ್ಮ ಕಡೆ ಕ್ಯಾಮೆರಾ ಮುಂದೆ ಬರುವ ಎಷ್ಟೋ ಜೋಡಿಗಳಿಗೆ ಆ ಸಲುಗೆ ಇನ್ನೂ ಬಂದಿರುವುದಿಲ್ಲ. ಇಲ್ಲದ್ದನ್ನು ನಟಿಸಿ ಅಂತ ಹೇಳುವುದಕ್ಕಿಂತ, ಇರುವ ದೂರವನ್ನೇ ಚೆನ್ನಾಗಿ ತೋರಿಸುವುದು ಹೇಗೆ ಅನ್ನುವುದು ಈ ಕೆಲಸದಲ್ಲಿ ಎದುರಾದ ಪ್ರಶ್ನೆ.

ಜೋಡಿ ಮತ್ತು ಷರತ್ತುಗಳು

ಹುಡುಗ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಎತ್ತರ ಆರು ಅಡಿ ಒಂದು ಇಂಚು, ಜೊತೆಗೆ ಕನ್ನಡಕ. ಹುಡುಗಿ ಕೃಷಿಯಲ್ಲಿ ಬಿ.ಎಸ್ಸಿ ಮಾಡಿ ಅಪ್ಪನ ಜೊತೆ ತೋಟ ನೋಡಿಕೊಳ್ಳುತ್ತಾಳೆ. ಎತ್ತರ ಐದು ಅಡಿ. ಮನೆಯವರು ನೋಡಿ ಒಪ್ಪಿದ ಸಂಬಂಧ. ಹೆಣ್ಣು ನೋಡುವ ದಿನ ಮಾತಾಡಿದ್ದು, ಆಮೇಲೆ ಸೀರೆ ತೆಗೆಯಲು ಹೋದಾಗ ಎಲ್ಲರ ಜೊತೆ ಸಿಕ್ಕಿದ್ದು, ಅಷ್ಟೇ. ಮಿಕ್ಕಿದ್ದು ಫೋನಿನಲ್ಲಿ. ಒಬ್ಬರಿಗೊಬ್ಬರು ಇನ್ನೂ ‘ನೀವು’ ಅಂತಲೇ ಅನ್ನುತ್ತಿದ್ದರು.

ಹುಡುಗಿಯ ಚಿಕ್ಕಪ್ಪನ ಮಗಳು ಕಾಲೇಜು ಓದುವವಳು. ಅವಳ ಫೋನಿನಲ್ಲಿ ಒಂದು ಫೋಲ್ಡರ್ ತುಂಬ ಮಾದರಿ ಫೋಟೋಗಳಿದ್ದವು. ಹುಡುಗ ಹುಡುಗಿಯನ್ನು ಎತ್ತಿ ತಿರುಗಿಸುವುದು, ಮೂಗಿಗೆ ಮೂಗು, ಬೆನ್ನಿಗೆ ಬೆನ್ನು. “ಅಣ್ಣ, ಇದೆಲ್ಲಾ ಬೇಕು” ಅಂದಳು. ಅಕ್ಕನ ಮುಖ ನೋಡಿದರೆ ಅವಳಿಗೆ ಇದ್ಯಾವುದೂ ಬೇಕಿರಲಿಲ್ಲ.

ಅಷ್ಟರಲ್ಲಿ ಅಜ್ಜಿ ಬಂದು ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡರು. ಅವರದ್ದು ಬೇರೆ ಪಟ್ಟಿ. “ನೋಡಪ್ಪಾ, ತಾಳಿ ಬೀಳೋವರೆಗೂ ಮೈ ಮುಟ್ಟಿಸ್ಬೇಡ. ಹುಡುಗಿ ಬಲಗಡೆನೇ ಇರ್ಲಿ. ರಾಹುಕಾಲದಲ್ಲಿ ಜೋಡಿ ಫೋಟೋ ಬೇಡ.” ಎರಡನೆಯದಕ್ಕೆ ಕಾರಣ ಗೊತ್ತಿರುವಂಥದ್ದೇ. ಮದುವೆ ಶಾಸ್ತ್ರದಲ್ಲಿ ಹುಡುಗಿ ಮೊದಲು ಹುಡುಗನ ಬಲಕ್ಕೆ ಕೂರುತ್ತಾಳೆ. ಎಡಕ್ಕೆ ಬರುವುದು ಆಮೇಲೆ. ಇನ್ನೂ ಹೆಂಡತಿ ಆಗದವಳನ್ನು ಫೋಟೋದಲ್ಲಿ ಎಡಕ್ಕೆ ನಿಲ್ಲಿಸುವುದು ಅಜ್ಜಿಗೆ ಸರಿ ಕಾಣಲಿಲ್ಲ. ಅಜ್ಜಿಯನ್ನು ಒಪ್ಪಿಸಲು ಹೋಗುವ ಫೋಟೋಗ್ರಾಫರ್‌ಗಳೂ ಇದ್ದಾರೆ. ನನ್ನ ಪ್ರಕಾರ ಅದು ಸಮಯ ದಂಡ. ಫೋಟೋ ಆ ಮನೆಯ ಗೋಡೆಯ ಮೇಲೆ ಇರಬೇಕಾದದ್ದು, ಅಲ್ವಾ?

ಜಾಗದ ಬಗ್ಗೆಯೂ ಒಂದು ಮಾತು. ಮೊದಲು ಮನೆಯವರ ಮನಸ್ಸಿನಲ್ಲಿ ಇದ್ದದ್ದು ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ. ಅಲ್ಲಿನ ಕಲ್ಯಾಣಿಯ ಮೆಟ್ಟಿಲುಗಳು ಎತ್ತರದ ವ್ಯತ್ಯಾಸ ಇರುವ ಜೋಡಿಗೆ ಹೇಳಿ ಮಾಡಿಸಿದಂತಿವೆ. ಒಬ್ಬರನ್ನು ಮೇಲಿನ ಮೆಟ್ಟಿಲಲ್ಲಿ, ಇನ್ನೊಬ್ಬರನ್ನು ಕೆಳಗೆ ನಿಲ್ಲಿಸಿದರೆ ಅರ್ಧ ಕೆಲಸ ಮುಗಿಯಿತು. ಆದರೆ ಅದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಟ್ರೈಪಾಡ್, ಲೈಟು ಇಟ್ಟು ಶೂಟ್ ಮಾಡಬೇಕೆಂದರೆ ಮೊದಲೇ ಅನುಮತಿ ತೆಗೆದುಕೊಂಡಿರಬೇಕು. ಜೊತೆಗೆ ಭಾನುವಾರ ನಂದಿ ಬೆಟ್ಟಕ್ಕೆ ಬೆಂಗಳೂರಿನವರೆಲ್ಲ ಬಂದಿರುತ್ತಾರೆ. ನಿಶ್ಚಿತಾರ್ಥದ ಮನೆಯಿಂದ ಇಬ್ಬರನ್ನೂ ಕರೆದುಕೊಂಡು ಹೋಗಿ ಬರುವಷ್ಟು ಹೊತ್ತೂ ಇರಲಿಲ್ಲ. ತೋಟವೇ ಸಾಕು ಅಂತ ಆಯಿತು.

ಮಧ್ಯಾಹ್ನ ಮೂರು ಗಂಟೆ

ಊಟ ಆದಮೇಲೆ ಮೂರರ ಹೊತ್ತಿಗೆ ಶುರು ಮಾಡಿದೆವು. ತಂಗಿಯ ಫೋಲ್ಡರ್‌ನಲ್ಲಿ ಮುಟ್ಟದೆ ಮಾಡಬಹುದಾದದ್ದನ್ನು ಮೊದಲು ನೋಡೋಣ ಅಂತ ಎದುರೆದುರು ನಿಲ್ಲಿಸಿ, ಒಬ್ಬರ ಕಣ್ಣು ಒಬ್ಬರು ನೋಡುವ ಫೋಟೋ. ಬಿಸಿಲಿಗೆ ತಪ್ಪಿಸಿಕೊಳ್ಳಲು ದ್ರಾಕ್ಷಿ ಚಪ್ಪರದ ಕೆಳಗೆ.

ಅಲ್ಲಿ ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮುಂದಿನದ್ದೆಲ್ಲ ನಿಂತಿರುವುದು ಇದರ ಮೇಲೆ.

ಮೊದಲು ಬೆಳಕು. ನಮ್ಮ ಕಡೆ ದ್ರಾಕ್ಷಿ ಬಳ್ಳಿಯನ್ನು ಕಲ್ಲು ಕಂಬ ನೆಟ್ಟು, ತಂತಿ ಎಳೆದು, ತಲೆ ಮೇಲೆ ಚಪ್ಪರವಾಗಿ ಹರಡುತ್ತಾರೆ. ಮೂರು ಗಂಟೆಗೆ ಸೂರ್ಯ ಇನ್ನೂ ಮೇಲೇ ಇರುತ್ತಾನೆ. ಬೆಳಕು ಎಲೆಯನ್ನು ತೂರಿಕೊಂಡು ಕೆಳಗೆ ಬರುತ್ತದೆ. ಎಲೆ ತೂರಿದ ಬೆಳಕು ಹಸಿರು. ಎಲೆಗಳ ಸಂದಿನಿಂದ ಬಿದ್ದದ್ದು ಬಿಳಿ ಚುಕ್ಕೆ. ಹುಡುಗಿಯ ಕೆನ್ನೆ ಹಸಿರು, ಮೂಗಿನ ಮೇಲೆ ಬಿಸಿಲಿನ ಚುಕ್ಕೆ. ಪೂರ್ತಿ ಹಸಿರಾಗಿದ್ದರೆ ಕಂಪ್ಯೂಟರಿನಲ್ಲಿ ಟಿಂಟ್ ಅನ್ನು ಮೆಜೆಂಟಾ ಕಡೆ ಎಳೆದು ಸರಿ ಮಾಡಬಹುದು. ಅರ್ಧ ಹಸಿರು ಅರ್ಧ ಬಿಳಿ ಇದ್ದರೆ ಒಂದನ್ನು ಸರಿ ಮಾಡಿದಾಗ ಇನ್ನೊಂದು ಗುಲಾಬಿ ಆಗುತ್ತದೆ.

ಎರಡನೆಯದು ಎತ್ತರ. ಚಪ್ಪರ ಇರುವುದು ಸುಮಾರು ಆರು ಅಡಿಗೆ. ಹುಡುಗ ಅದರ ಕೆಳಗೆ ನಿಂತರೆ ತಲೆ ಬಗ್ಗಿಸಲೇಬೇಕು. ತಲೆ ಹುಡುಗಿ ಕಡೆ ಬಾಗಿದರೆ ಒಳ್ಳೆಯದೇ ಅಲ್ವಾ ಅಂತ ಅನ್ನಿಸಬಹುದು. ಅವನು ಬಾಗಿದ್ದು ಕುತ್ತಿಗೆಯಿಂದ ಮಾತ್ರ. ಬೆನ್ನು ನೆಟ್ಟಗೆ, ಕುತ್ತಿಗೆ ಮುಂದೆ, ಭುಜಗಳು ಕಿವಿ ಹತ್ತಿರ. ಅತ್ತ ಹುಡುಗಿ ಅವನ ಕಣ್ಣು ನೋಡಲು ಗದ್ದ ಮೇಲೆತ್ತಿದಳು. ಪಕ್ಕದಿಂದ ನೋಡಿದರೆ ಕುತ್ತಿಗೆ ನರ ಎದ್ದು, ಮೂಗಿನ ಹೊಳ್ಳೆ ಕಾಣುತ್ತಿತ್ತು.

ಮೂರನೆಯದು ಕಾಲು. ಇಬ್ಬರೂ ಶಾಲೆಯ ಬೆಳಗಿನ ಪ್ರಾರ್ಥನೆಗೆ ನಿಂತ ಹಾಗೆ ನಿಂತಿದ್ದರು. ಎರಡು ಕಾಲಿನ ಮೇಲೂ ಸಮ ಭಾರ, ಮಂಡಿ ಬಿಗಿ, ಕೈ ಮುಷ್ಟಿ. ಹೀಗೆ ನಿಂತ ಮೈಯಲ್ಲಿ ಒಂದು ಕಡೆಯೂ ಬಳುಕು ಇರುವುದಿಲ್ಲ. ಮುಖ ಎಷ್ಟೇ ನಕ್ಕರೂ ಕಾಲಿನ ಬಿಗಿ ಭುಜಕ್ಕೆ ಬರುತ್ತದೆ, ಭುಜದಿಂದ ಮುಖಕ್ಕೆ.

ಕೊನೆಗೆ ಕಣ್ಣು. ತಂಗಿ ಪಕ್ಕದಲ್ಲಿ ನಿಂತು “ಭಾವ, ಸ್ವಲ್ಪ ಲವ್ ಇಂದ ನೋಡಿ” ಅಂದಳು. ಹುಡುಗ ಹುಡುಗಿಯ ಹಣೆಯ ಕುಂಕುಮ ನೋಡಿದ. ಹುಡುಗಿ ಅವನ ಶರ್ಟಿನ ಗುಂಡಿ ನೋಡಿದಳು. ಆಮೇಲೆ ಇಬ್ಬರಿಗೂ ನಗು ಬಂತು. ಅದು ನಾಚಿಕೆಯ ನಗು, ತುಟಿ ಬಿಗಿ ಹಿಡಿದ ನಗು. ಕ್ಯಾಮೆರಾಗೆ ಆ ನಗು ನೋವಿನ ಹಾಗೆ ಕಾಣುತ್ತದೆ.

‘ಪ್ರೀತಿಯಿಂದ ನೋಡಿ’ ಅನ್ನುವುದು ನಿರ್ದೇಶನವೇ ಅಲ್ಲ. ಅದನ್ನು ಕೇಳಿದವರಿಗೆ ಯಾವ ಅಂಗವನ್ನು ಎಲ್ಲಿ ಇಡಬೇಕು ಅಂತ ಗೊತ್ತಾಗುವುದಿಲ್ಲ. ಮೇಲಾಗಿ ಸುತ್ತ ಅತ್ತೆ, ಮಾವ, ಸೋದರಮಾವ, ತಮ್ಮಂದಿರೆಲ್ಲ ನಿಂತಿದ್ದಾರೆ. ಎರಡೇ ಸಲ ಮುಖ ನೋಡಿದ ಸಂಬಂಧದಲ್ಲಿ ಯಾರು ತಾನೇ ಆ ನೋಟ ಕೊಟ್ಟಾರು?

ನೇರ ನಿಂತ ಫೋಟೋ

ಎದುರೆದುರು ನಿಲ್ಲಿಸುವುದನ್ನು ಬಿಟ್ಟು ಮೊದಲು ಅಜ್ಜಿಗೆ ಬೇಕಾದದ್ದನ್ನು ತೆಗೆಯೋಣ ಅಂತ ತೀರ್ಮಾನಿಸಿದೆ. ಇಬ್ಬರೂ ಕ್ಯಾಮೆರಾ ನೋಡುತ್ತಾ ಪಕ್ಕಪಕ್ಕ ನಿಂತ ಫೋಟೋ. ಹೊಸ ಹುಡುಗರು ಇದನ್ನು ‘ಪಾಸ್‌ಪೋರ್ಟ್ ಪೋಸು’ ಅಂತ ಹಂಗಿಸುತ್ತಾರೆ. ಹಿಂದೆ ಊರಿಗೊಂದು ಸ್ಟುಡಿಯೋ ಇದ್ದ ಕಾಲದಲ್ಲಿ ಮನೆಮನೆಯ ಗೋಡೆಗೂ ಬಂದದ್ದು ಇದೇ. ಇದರಲ್ಲಿ ಅಡಗಿಕೊಳ್ಳಲು ಜಾಗ ಇಲ್ಲ. ಚಲನೆ ಇಲ್ಲ, ಅಪ್ಪುಗೆ ಇಲ್ಲ. ನಿಲ್ಲಿಸುವುದು ಸರಿ ಇದ್ದರೆ ಮಾತ್ರ ಬರುತ್ತದೆ. ಅದಕ್ಕೇ ನನಗೆ ಇದರ ಮೇಲೆ ಗೌರವ ಜಾಸ್ತಿ.

ಚಪ್ಪರದ ಅಂಚಿಗೆ ಬಂದೆವು. ಒಂದೂವರೆ ಹೆಜ್ಜೆ ಹೊರಗೆ ಬಂದರೆ ಬೆಳಕು ಎಲೆಯಿಂದ ಬರುವುದಿಲ್ಲ, ತೆರೆದ ಆಕಾಶದಿಂದ ಬರುತ್ತದೆ. ಬೆನ್ನು ಬಿಸಿಲಿಗೆ, ಮುಖ ನೆರಳಿಗೆ. ನನ್ನ ಅಸಿಸ್ಟೆಂಟ್ ಥರ್ಮಾಕೋಲ್ ಶೀಟ್ ಹಿಡಿದು ಸೊಂಟದ ಮಟ್ಟದಿಂದ ಮುಖಕ್ಕೆ ಬೆಳಕು ತಿರುಗಿಸಿದ. ಹಸಿರು ಹೋಯಿತು, ಚುಕ್ಕೆ ಹೋಯಿತು, ಹಿಂದೆ ತೋಟ ಉಳಿಯಿತು.

ಆಮೇಲೆ ಕಾಲಿನಿಂದ ಶುರು. ಹುಡುಗಿಗೆ ಹೇಳಿದ್ದು ಇಷ್ಟು: ಬಲಗಾಲು ಅರ್ಧ ಪಾದ ಹಿಂದೆ, ಭಾರ ಅದರ ಮೇಲೆ, ಮುಂದಿನ ಮಂಡಿ ಸಡಿಲ. ಸೀರೆಯ ಒಳಗೆ ಇದು ಯಾರಿಗೂ ಕಾಣುವುದಿಲ್ಲ. ಆದರೆ ಭಾರ ಒಂದು ಕಾಲಿಗೆ ಹೋದ ತಕ್ಷಣ ಸೊಂಟ ಓರೆಯಾಗುತ್ತದೆ, ಭುಜ ತಾನಾಗಿ ಇಳಿಯುತ್ತದೆ, ನೆರಿಗೆ ಒಂದೇ ಗೆರೆಯಲ್ಲಿ ಬೀಳುತ್ತದೆ. ಹುಡುಗ ಪಂಚೆ ಉಟ್ಟಿದ್ದ. ಅವನಿಗೆ ಕಾಲು ಅಗಲಿಸಿ ನಿಲ್ಲಲು ಹೇಳಿದೆ. ಚೆನ್ನಾಗಿ ಅಗಲಿಸಿದರೆ ಒಂದೆರಡು ಇಂಚು ಎತ್ತರ ಕಡಿಮೆಯಾಗುತ್ತದೆ, ಪಂಚೆ ಅದನ್ನು ಮುಚ್ಚುತ್ತದೆ. ಪ್ಯಾಂಟ್ ಹಾಕಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ.

ಹುಡುಗಿಯ ಕಾಲ ಕೆಳಗೆ ಆರು ಇಂಚು ಎತ್ತರದ ಸಿಮೆಂಟ್ ಬ್ಲಾಕ್ ಎರಡನ್ನು ಪಕ್ಕಪಕ್ಕ ಜೋಡಿಸಿಟ್ಟೆವು. ನೆರಿಗೆ ಅದರ ಮೇಲೆ ಇಳಿಯಿತು. ಹದಿಮೂರು ಇಂಚಿನ ವ್ಯತ್ಯಾಸ ಐದಕ್ಕೆ ಬಂತು. ಅಲ್ಲಿಗೆ ನಿಲ್ಲಿಸಿದೆ. ಪೂರ್ತಿ ಸಮ ಮಾಡುವುದು ಕಷ್ಟವಲ್ಲ. ಆದರೆ ಮದುವೆ ದಿನ ಸ್ಟೇಜ್ ಮೇಲೆ ಇಬ್ಬರನ್ನೂ ಊರೇ ನೋಡುತ್ತದೆ. ಫೋಟೋದಲ್ಲಿ ಸುಳ್ಳು ಎತ್ತರ ಇದ್ದರೆ ನಗುವವರು ಜಾಸ್ತಿ.

ಈಗ ಎಡ ಬಲದ ವಿಷಯ. ಸೀರೆಯ ಸೆರಗು ಇರುವುದು ಎಡ ಭುಜದ ಮೇಲೆ. ಹುಡುಗಿ ಹುಡುಗನ ಎಡಕ್ಕೆ ನಿಂತರೆ ಅವಳ ಬಲ ಭುಜ ಅವನ ಕಡೆಗೆ ಬರುತ್ತದೆ, ಸೆರಗು ಹೊರಗಡೆ ಇಳಿದು ಜರಿ ಪೂರ್ತಿ ಕಾಣುತ್ತದೆ. ನಾವು ಅಭ್ಯಾಸದಲ್ಲಿ ಹಾಗೇ ನಿಲ್ಲಿಸುವುದಕ್ಕೆ ಇದೂ ಒಂದು ಕಾರಣ. ಅಜ್ಜಿ ಹೇಳಿದ ಹಾಗೆ ಬಲಕ್ಕೆ ನಿಲ್ಲಿಸಿದರೆ ಸೆರಗಿನ ಭುಜ ಇಬ್ಬರ ಮಧ್ಯೆ ಸಿಕ್ಕಿಕೊಳ್ಳುತ್ತದೆ. ಅರಿಶಿನ ಬಣ್ಣದ ಕಂಚಿ ಸೀರೆ, ರಾಣಿ ಪಿಂಕ್ ಸೆರಗು. ಅದೇ ಕಾಣದಿದ್ದರೆ ಹುಡುಗಿಯ ಅಮ್ಮ ಸುಮ್ನೆ ಬಿಡುತ್ತಾರಾ? ಸೆರಗನ್ನು ಬೆನ್ನ ಹಿಂದಿನಿಂದ ತಂದು ಬಲ ಮುಂಗೈ ಮೇಲೆ ಹಾಕಿಸಿದೆ. ಅಗಲವಾಗಿ ಬಿಚ್ಚಿ, ಅಂಚು ಕ್ಯಾಮೆರಾ ಕಡೆ. ಜರಿಯ ಭಾರಕ್ಕೆ ಅವಳ ಕೈ ಮೈಯಿಂದ ಸ್ವಲ್ಪ ದೂರ ನಿಂತಿತು. ತೋಳು ಮೈಗೆ ಅಂಟಿದರೆ ದಪ್ಪ ಕಾಣುತ್ತದೆ, ಸಂದು ಬಿಟ್ಟರೆ ಸೊಂಟದ ಗೆರೆ ಕಾಣುತ್ತದೆ. ಅದನ್ನು ಹೇಳಿ ಮಾಡಿಸುವುದು ಕಷ್ಟ, ಸೆರಗೇ ಮಾಡಿಸಿತು. ಇನ್ನೊಂದು ಲಾಭವೂ ಆಯಿತು. ಸೀರೆಯಲ್ಲಿ ಸೊಂಟ ಕಾಣುವುದು ಎಡಗಡೆ. ಆ ಕಡೆ ಹುಡುಗ ಇದ್ದ. ಅಜ್ಜಿಯ ನಿಯಮಕ್ಕೆ ಇಂಥ ಉಪಯೋಗವೂ ಇದೆ ಅಂತ ಅಲ್ಲಿಯವರೆಗೆ ನಾನು ಯೋಚಿಸಿರಲಿಲ್ಲ.

ಮುಟ್ಟದೆ ಹತ್ತಿರ ಕಾಣಿಸುವುದು ಹೇಗೆ? ಪಕ್ಕಪಕ್ಕ ಒಂದೇ ಗೆರೆಯಲ್ಲಿ ನಿಲ್ಲಿಸಿ ಮಧ್ಯೆ ಗಾಳಿ ಬಿಟ್ಟರೆ ಆ ಸಂದೇ ಫೋಟೋದ ಮುಖ್ಯ ವಿಷಯ ಆಗಿಬಿಡುತ್ತದೆ. ಹುಡುಗನನ್ನು ಅರ್ಧ ಹೆಜ್ಜೆ ಹಿಂದಕ್ಕೆ, ಅರ್ಧ ಹೆಜ್ಜೆ ಒಳಕ್ಕೆ ತಂದೆ. ಕ್ಯಾಮೆರಾ ಕಡೆಯಿಂದ ನೋಡಿದರೆ ಅವಳ ಎಡ ಭುಜ ಅವನ ಎದೆಯನ್ನು ಸ್ವಲ್ಪ ಮರೆ ಮಾಡುತ್ತದೆ. ಪಕ್ಕದಿಂದ ನೋಡುತ್ತಿದ್ದ ಅಜ್ಜಿಗೆ ಇಬ್ಬರ ನಡುವೆ ಒಂದು ಗೇಣು ಗಾಳಿ ಕಾಣುತ್ತಿತ್ತು. ನನಗೂ ಅಜ್ಜಿಗೂ ಸಮಾಧಾನ. ಎರಡೂ ಭುಜಗಳನ್ನು ನೇರ ಕ್ಯಾಮೆರಾಗೆ ಕೊಡದೆ ಒಬ್ಬರ ಕಡೆ ಒಬ್ಬರು ಸ್ವಲ್ಪ ತಿರುಗಿಸಿದೆ. ಮುಖ ಮಾತ್ರ ನನ್ನ ಕಡೆ. ತಲೆಗಳು ಹತ್ತಿರ ಇದ್ದರೆ ಮೈ ದೂರ ಇದ್ದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇದಕ್ಕೆ ಲೆನ್ಸಿನ ಲೆಕ್ಕ ಸೇರಿಸಬೇಕು. 85 ಎಂಎಂ ಲೆನ್ಸಿನಲ್ಲಿ ಎಫ್/1.8 ಇಟ್ಟು (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು) 3 ಮೀಟರ್ ದೂರದಿಂದ ತೆಗೆದರೆ ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಫೋಕಸ್ ಇರುವ ಆಳ ಸುಮಾರು 13 ಸೆಂಟಿಮೀಟರ್. ಅರ್ಧ ಹೆಜ್ಜೆ ಹಿಂದೆ ನಿಂತವನ ಕಣ್ಣು ಅದರಿಂದ ಹೊರಗೆ. ಹಿನ್ನೆಲೆ ಕರಗಬೇಕು ಅನ್ನುವ ಆಸೆಗೆ ಎಷ್ಟೋ ನಿಶ್ಚಿತಾರ್ಥದ ಫೋಟೋಗಳಲ್ಲಿ ಹುಡುಗನ ಮುಖ ಮಸುಕಾಗಿರುವುದು ಹೀಗೇ. ನಾನು ಝೂಮ್ ಲೆನ್ಸ್ ಹಾಕಿ 135 ಎಂಎಂನಲ್ಲಿ, 5 ಮೀಟರ್ ಹಿಂದೆ ಹೋಗಿ, ಎಫ್/5.6 ಇಟ್ಟೆ. ಆಳ ಸುಮಾರು 45 ಸೆಂಟಿಮೀಟರ್ ಸಿಕ್ಕಿತು. ದೂರದಿಂದ ತೆಗೆದಾಗ ಮುಂದೆ ಹಿಂದೆ ಇರುವವರ ಗಾತ್ರದ ವ್ಯತ್ಯಾಸವೂ ಕಡಿಮೆ ಕಾಣುತ್ತದೆ. ಇಬ್ಬರೂ ಒಂದೇ ಜಾಗದಲ್ಲಿ ನಿಂತಿದ್ದಾರೆ ಅನ್ನಿಸುತ್ತದೆ.

ಕನ್ನಡಕದ ಹೊಳಪು ಒಂದು ತಲೆನೋವು. ಬಿಳಿ ಥರ್ಮಾಕೋಲ್ ನೇರ ಗಾಜಿನ ಮೇಲೆ ಕಾಣುತ್ತಿತ್ತು. ತೆಗೆಯಿರಿ ಅಂದರೆ ಅವನು ಅವನಲ್ಲ, ಮೂಗಿನ ಮೇಲೆ ಅಚ್ಚು ಬೇರೆ. ಕಡ್ಡಿಯನ್ನು ಕಿವಿಯ ಮೇಲೆ ಚೂರು ಎತ್ತಿಸಿದೆ. ಗಾಜು ಕೆಳಕ್ಕೆ ಓರೆಯಾಯಿತು, ಹೊಳಪು ಜಾರಿತು. ಗದ್ದ ಚೂರು ಮುಂದೆ, ಚೂರು ಕೆಳಗೆ. ಅಷ್ಟೇ.

ಅವನ ಕೈ? ಒಂದು ಕೈಯಲ್ಲಿ ಪಂಚೆಯ ಅಂಚು ಹಿಡಿಸಿದೆ. ಉಂಗುರದ ಕೈ ಇನ್ನೊಂದು, ಅದನ್ನು ಸುಮ್ನೆ ಇಳಿ ಬಿಟ್ಟು ಕಿರುಬೆರಳಿನ ಕಡೆಯ ಅಂಚು ಕ್ಯಾಮೆರಾಗೆ ತೋರಿಸಿದೆ. ಕೈ ಹಿಂಭಾಗ ಪೂರ್ತಿ ಕಂಡರೆ ಮುಖದಷ್ಟೇ ದೊಡ್ಡದಾಗಿ ಕಾಣುತ್ತದೆ.

ನಾಲ್ಕು ಗಂಟೆ ದಾಟುವ ಹೊತ್ತಿಗೆ ಅಜ್ಜಿಯ ಫೋಟೋ ಆಯಿತು. ಇಬ್ಬರೂ ಗಟ್ಟಿ ನಗುತ್ತಿಲ್ಲ. ನಗಿಸಲೂ ಹೋಗಲಿಲ್ಲ. ಉಸಿರು ಬಿಡಿ ಅಂತ ಹೇಳಿ, ಬಿಟ್ಟ ಮರುಕ್ಷಣ ತೆಗೆದೆ. ಆ ಕ್ಷಣದಲ್ಲಿ ಬಾಯಿ ಸಡಿಲವಾಗಿರುತ್ತದೆ.

ರಾಹುಕಾಲ

ಭಾನುವಾರ ರಾಹುಕಾಲ ನಾಲ್ಕೂವರೆಯಿಂದ ಆರು. ಫೋಟೋಗ್ರಾಫರ್‌ಗೆ ಅದಕ್ಕಿಂತ ಒಳ್ಳೆ ಕಾಲ ಇಲ್ಲ, ಬೆಳಕು ಓರೆಯಾಗಿ ಹಳದಿಯಾಗಿ ಬರುವ ಹೊತ್ತು. ಅಜ್ಜಿ ಗಡಿಯಾರ ನೋಡಿ “ಸಾಕಪ್ಪಾ” ಅಂದರು. ಕ್ಯಾಮೆರಾ ಚೀಲಕ್ಕೆ ಹೋಯಿತು.

ಹಗಲನ್ನು ಎಂಟು ಭಾಗ ಮಾಡಿದರೆ ಭಾನುವಾರದ ರಾಹುಕಾಲ ಎಂಟನೇ ಭಾಗ, ಅಂದರೆ ಸೂರ್ಯ ಮುಳುಗುವವರೆಗೂ. ಗೋಡೆ ಕ್ಯಾಲೆಂಡರಿನ ನಾಲ್ಕೂವರೆ–ಆರು ಅನ್ನುವುದು ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ಸೂರ್ಯನ ಲೆಕ್ಕ. ಫೆಬ್ರವರಿಯಲ್ಲಿ ನಮ್ಮಲ್ಲಿ ಸೂರ್ಯ ಮುಳುಗುವುದು ಆರೂ ಇಪ್ಪತ್ತೈದರ ಆಸುಪಾಸು. ಸರಿಯಾಗಿ ಲೆಕ್ಕ ಹಾಕಿದರೆ ನನಗೆ ಬೆಳಕೇ ಸಿಗುತ್ತಿರಲಿಲ್ಲ. ಗಣಿತದ ಮೇಷ್ಟ್ರಿಗೆ ಇದು ಹೊಳೆದಿತ್ತು. ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡರು.

ಆ ಒಂದೂವರೆ ಗಂಟೆ ದಂಡ ಆಗಲಿಲ್ಲ. ಕಾಫಿ ಕುಡಿದು ಹುಡುಗಿಯ ಅಪ್ಪನ ಜೊತೆ ತೋಟ ಸುತ್ತಿದೆ. ಹುಡುಗ ಹುಡುಗಿ ಹಿಂದೆ ಬಂದರು. ಕ್ಯಾಮೆರಾ ಇಲ್ಲದ್ದಕ್ಕೆ ಇಬ್ಬರೂ ಮಾತಾಡುತ್ತಿದ್ದರು. ಬೆಂಗಳೂರು ಬ್ಲೂ ದ್ರಾಕ್ಷಿ. ಕಪ್ಪು ನೀಲಿ ಬಣ್ಣ, ದಪ್ಪ ಸಿಪ್ಪೆ, ಒಳಗೆ ಬೀಜ. ಜ್ಯೂಸಿಗೆ, ವೈನಿಗೆ ಹೋಗುವ ತಳಿ. ಹುಡುಗ ಕಂಬಕ್ಕೆ ಒರಗಲು ಹೋದಾಗ ಹುಡುಗಿ “ಅಯ್ಯೋ, ಬೇಡ ಬೇಡ, ಔಷಧಿ ಹೊಡೆದಿದ್ದಾರೆ, ಶರ್ಟ್ ನೀಲಿ ಆಗುತ್ತೆ” ಅಂದಳು. ಮೈಲುತುತ್ತು ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ. ಎಲೆಗೆ ಬರುವ ಬೂಜು ರೋಗಕ್ಕೆ ಸಿಂಪಡಿಸುತ್ತಾರೆ, ಕಲ್ಲು ಕಂಬದ ಮೇಲೂ ಕಲೆ ಉಳಿಯುತ್ತದೆ. ನಾನಾದರೋ ಕಂಬಕ್ಕೆ ಒರಗಿಸಿ ಒಂದು ಫೋಟೋ ಅಂತ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ!

ಅಲ್ಲಿ ಗಮನಿಸಿದ್ದು ಇದು. ಸ್ಟೇಜ್ ಮೇಲೆ ತಲೆ ಬಗ್ಗಿಸಿ ನಿಂತಿದ್ದ ಹುಡುಗಿ ತೋಟದಲ್ಲಿ ಯಜಮಾನಿ. ಇಡೀ ದಿನ ನೆಂಟರ ಜೊತೆ ಮಾತಾಡುತ್ತಿದ್ದ ಮೇಷ್ಟ್ರು ಇಲ್ಲಿ ಏನೂ ಗೊತ್ತಿಲ್ಲದವರು. ಇವಳು ಹೇಳಿಕೊಡಲಿ, ಇವರು ಕಲಿಯಲಿ. ನಟಿಸಬೇಕಾದದ್ದು ಇದರಲ್ಲಿ ಏನೂ ಇಲ್ಲ.

ಆರರಿಂದ ಆರೂವರೆ

ಆರಕ್ಕೆ ಸೂರ್ಯ ಕೆಳಗಿಳಿದಿದ್ದ. ಈಗ ಬೆಳಕು ಎಲೆಯನ್ನು ತೂರಿ ಮೇಲಿನಿಂದ ಬರುತ್ತಿರಲಿಲ್ಲ, ಪಕ್ಕದಿಂದ ಚಪ್ಪರದ ಅಡಿಗೇ ನುಗ್ಗುತ್ತಿತ್ತು. ಮೂರು ಗಂಟೆಗೆ ಕೆಟ್ಟಿದ್ದ ಜಾಗವೇ ಈಗ ಒಳ್ಳೆಯದು. ಮುಖದ ಮೇಲೆ ಹಸಿರೂ ಇಲ್ಲ, ಚುಕ್ಕೆಯೂ ಇಲ್ಲ.

ಹಣ್ಣು ತುಂಬುವ ಪ್ಲಾಸ್ಟಿಕ್ ಕ್ರೇಟನ್ನು ಬೋರಲು ಹಾಕಿ ಹುಡುಗನನ್ನು ಅದರ ಮೇಲೆ ಕೂರಿಸಿದೆ. ಎತ್ತರದ ಸಮಸ್ಯೆ ಅಲ್ಲಿಗೆ ಮುಗಿಯಿತು. ಈಗ ಅವನು ತಲೆ ಎತ್ತಿ ಅವಳನ್ನು ನೋಡಬೇಕು. ಅವಳು ನಿಂತೇ ಇದ್ದಳು, ಅವಳ ಕಣ್ಣಿನ ಮಟ್ಟಕ್ಕೆ ಗೊಂಚಲು. ಕೇಳಿದ್ದು ಒಂದೇ: “ಯಾವ ಗೊಂಚಲು ಕೊಯ್ಯಬಹುದು ಅಂತ ಮೇಷ್ಟ್ರಿಗೆ ತೋರಿಸಿಕೊಡಿ.”

ಅವಳು ಗೊಂಚಲಿನ ತೊಟ್ಟನ್ನು ಎರಡು ಬೆರಳಿನ ತುದಿಯಲ್ಲಿ ಹಿಡಿದಳು. ಹಣ್ಣನ್ನು ಮುಟ್ಟಲಿಲ್ಲ. ದ್ರಾಕ್ಷಿಯ ಮೇಲೆ ತೆಳ್ಳಗೆ ಬಿಳಿ ಪುಡಿ ಇರುತ್ತದೆ. ಕೈ ತಾಗಿದರೆ ಅಳಿಸಿ ಹೋಗುತ್ತದೆ, ಹಣ್ಣು ಹಳೆಯದಾಗಿ ಕಾಣುತ್ತದೆ. ತೋಟದಲ್ಲಿ ಬೆಳೆದವರಿಗೆ ಹಿಡಿಯುವ ರೀತಿ ಕೈಗೇ ಬಂದಿರುತ್ತದೆ. ಜೋಡಿ ಫೋಟೋ ತೆಗೆಯುವವರು ಹುಡುಗಿಯರಿಗೆ ದಿನವಿಡೀ ಹೇಳುವುದೂ ಅದನ್ನೇ: ಬೆರಳು ಸಡಿಲ, ಮಣಿಕಟ್ಟು ಚೂರು ಬಾಗಲಿ, ತುದಿಯಿಂದ ಮಾತ್ರ ಹಿಡಿಯಿರಿ. ಹೇಳಿದರೆ ಬೆರಳು ಇನ್ನೂ ಬಿಗಿಯಾಗುತ್ತದೆ. ಇಲ್ಲಿ ನಾನು ಒಂದು ಮಾತೂ ಆಡಲಿಲ್ಲ. ಉಂಗುರ ಬೆಳಕಿಗೆ ಹೊಳೆಯಿತು. ಉಂಗುರ ಕಾಣಬೇಕು ಅಂತ ಬೆಳಗಿನಿಂದ ಹೇಳುತ್ತಿದ್ದ ಅಮ್ಮನಿಗೂ ಲೆಕ್ಕ ಚುಕ್ತಾ.

ಆಮೇಲೆ ಅವಳು ಗೊಂಚಲಿನ ತುದಿಯ ಕಡೇ ಹಣ್ಣೊಂದನ್ನು ಕಿತ್ತು ಅವನ ಅಂಗೈಗೆ ಹಾಕಿದಳು. ಬೆರಳು ಅಂಗೈ ತಾಗಲಿಲ್ಲ, ಹಣ್ಣು ಮಾತ್ರ ಬಿತ್ತು. “ಮೇಲಿನದು ಮೊದಲು ಹಣ್ಣಾಗುತ್ತೆ, ತುದಿಯದು ಕೊನೆಗೆ. ಇದು ಸಿಹಿ ಇದ್ರೆ ಪೂರ್ತಿ ಗೊಂಚಲು ಸಿಹಿ ಅಂತ. ತಿಂದು ಹೇಳಿ.” ಬಾಯಿಗೆ ಹಾಕಿಕೊಂಡ. ಹುಳಿ. ಮುಖ ಕಿವುಚಿತು, ಕನ್ನಡಕ ಮೂಗಿನ ತುದಿಗೆ ಬಂತು. ಅವಳು ತಲೆ ಹಿಂದೆ ಹಾಕಿ ನಕ್ಕಳು. “ಕೊಯ್ದ ಮೇಲೆ ಹಣ್ಣಾಗಲ್ವಾ?” ಅಂತ ಅವನು ಕೇಳಿದ. “ದ್ರಾಕ್ಷಿ ಬಾಳೆಹಣ್ಣಲ್ಲ ಸರ್, ಕೊಯ್ದ ಮೇಲೆ ಸಿಹಿ ಆಗಲ್ಲ” ಅಂದಳು. ಈ ‘ಸರ್’ ಕೇಳಿ ಅಜ್ಜಿಯೂ ನಕ್ಕರು.

ಆ ಹೊತ್ತಿಗೆ ನಾನು 35 ಎಂಎಂ ಲೆನ್ಸಿಗೆ ಬದಲಾಯಿಸಿ ಹತ್ತಿರ ಬಂದಿದ್ದೆ. ಶಟರ್ 1/250 ಸೆಕೆಂಡ್, ಎಫ್/4. ಬೆಳಕು ಇಳಿದ ಹಾಗೆ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸುತ್ತಾ ಹೋದೆ. ಹಾಲು, ಹಣ್ಣು, ಹೂವು ಏನೇ ಕೊಟ್ಟು ಕೆಲಸ ಮಾಡಿಸಿದರೂ ಶಟರ್ ಇದಕ್ಕಿಂತ ನಿಧಾನ ಇಡಬೇಡಿ. ನಗುವಾಗ ತಲೆ ಜೋರಾಗಿ ಅಲ್ಲಾಡುತ್ತದೆ.

ಕೊನೆಗೆ ಎರಡು ಸಾಲುಗಳ ನಡುವೆ ನನ್ನ ಕಡೆ ನಡೆದು ಬರಲು ಹೇಳಿದೆ. ಇದು ಎಲ್ಲರೂ ಮಾಡಿಸುವುದೇ. ಮೊದಲು ಅವನ ಉದ್ದ ಕಾಲಿನ ಹೆಜ್ಜೆಗೆ ಅವಳು ಓಡುವ ಹಾಗಾಯಿತು. ಹೆಜ್ಜೆ ಅವಳು ಇಡಲಿ, ನೀವು ಅವಳ ಪಾದ ನೋಡಿ ಇಡಿ ಅಂದೆ. ಅವನು ಕೆಳಗೆ ನೋಡುತ್ತಾ ಬಂದ, ಅವಳು ಮುಂದೆ ನೋಡುತ್ತಾ ಬಂದಳು. ಬಂದ ಫೋಟೋ ಪರವಾಗಿಲ್ಲ ಅನ್ನುವ ಮಟ್ಟದ್ದು.

ತಂಗಿಯ ಫೋಲ್ಡರ್‌ನಿಂದ ಬೆನ್ನಿಗೆ ಬೆನ್ನು ಫೋಟೋ ಒಂದನ್ನು ಮುಟ್ಟದೆ ತೆಗೆದುಕೊಟ್ಟೆ. ಅವಳ ಸಮಾಧಾನಕ್ಕೆ.

ಯಾವುದು ಎಲ್ಲಿಗೆ ಹೋಯಿತು

ಒಂದು ವಾರದ ಮೇಲೆ ಆಯ್ಕೆಗೆ ಕೂತಾಗ ಮನೆಯಲ್ಲಿ ಎರಡು ಪಂಗಡ. ಅಜ್ಜಿ ಮತ್ತು ಎರಡೂ ಕಡೆಯ ಅಪ್ಪಂದಿರು ನೇರ ನಿಂತ ಫೋಟೋ ಆರಿಸಿದರು. 12 × 18 ಇಂಚಿಗೆ ಪ್ರಿಂಟ್, ಹುಡುಗಿ ಮನೆ ನಡುಮನೆಗೆ ಒಂದು, ಹುಡುಗನ ಮನೆಗೆ ಒಂದು. ಹುಡುಗ ಹುಡುಗಿ ಇಬ್ಬರೂ ಬೇರೆ ಬೇರೆಯಾಗಿ ಫೋನ್ ಮಾಡಿ ಹುಳಿ ದ್ರಾಕ್ಷಿಯ ಫೋಟೋ ಕೇಳಿದರು. ಅದರಲ್ಲಿ ಹುಡುಗನ ಮುಖ ಚೆನ್ನಾಗಿಲ್ಲ ಅಂತ ಅವನ ಅಮ್ಮನಿಗೆ ಬೇಸರ. ಕೇಳಿದವನು ಅವನೇ ಆದದ್ದರಿಂದ ಕೊಟ್ಟೆ.

ನನ್ನ ಅಂದಾಜಿಗೆ ಎರಡರಲ್ಲೂ ಇರುವುದು ಒಂದೇ ದೂರ. ನೇರ ನಿಂತದ್ದರಲ್ಲಿ ಅದನ್ನು ಅಳೆದು ಇಟ್ಟಿದ್ದೇವೆ, ತೋಟದ್ದರಲ್ಲಿ ಅವರೇ ಇಟ್ಟುಕೊಂಡಿದ್ದಾರೆ. ಅಜ್ಜಿ ಮುಟ್ಟಬೇಡ ಅಂದಿರದಿದ್ದರೆ ನಾನು ಬಹುಶಃ ಕೈ ಹಿಡಿಸಿ, ಎಲ್ಲರಿಗೂ ಕೊಡುವ ಫೋಟೋವನ್ನೇ ಕೊಟ್ಟು ಕಳಿಸುತ್ತಿದ್ದೆ.

ಮದುವೆ ಪತ್ರಿಕೆಯ ಕತೆ ಬೇರೆ. ಅಜ್ಜಿಯ ಫೋಟೋವನ್ನೇ ಪ್ರೆಸ್ಸಿಗೆ ಕೊಟ್ಟಿದ್ದರು. ಅಲ್ಲಿ ಹಿನ್ನೆಲೆ ಪೂರ್ತಿ ಕತ್ತರಿಸಿ, ಇಬ್ಬರನ್ನೂ ಗುಲಾಬಿ ಹೂಗಳ ಮಧ್ಯೆ ಕೂರಿಸಿ, ಮೇಲೆ ಗಣಪತಿ ಇಟ್ಟು ಅಚ್ಚು ಹಾಕಿದರು. ತೋಟ ಹೋಯಿತು, ಬೆನ್ನ ಹಿಂದಿನ ಬೆಳಕು ಹೋಯಿತು. ಕತ್ತರಿಸುವಾಗ ಹುಡುಗಿಯ ಜಡೆಯ ಹೂವಿನ ಪಕ್ಕ ಒಂದು ದ್ರಾಕ್ಷಿ ಎಲೆ ಉಳಿದುಬಿಟ್ಟಿತ್ತು. ಅದೂ ಅಲಂಕಾರವೇ ಅಂತ ನೆಂಟರು ಅಂದುಕೊಂಡರಂತೆ. ಹಾಗೆ ಕತ್ತರಿಸಿದ ಮೇಲೂ ಉಳಿಯುವುದು ನಿಂತ ರೀತಿ ಒಂದೇ: ಭುಜ, ಸೆರಗು, ಎರಡು ತಲೆಗಳ ನಡುವಿನ ಜಾಗ. ಪತ್ರಿಕೆಗೆ ಅಂತಲೇ ಈಗ ಬೇರೆ ಫ್ರೇಮ್ ತೆಗೆಯುತ್ತೇನೆ. ಸುಣ್ಣದ ಗೋಡೆ ಮುಂದೆ, ಎಫ್/8ರಲ್ಲಿ, ತೋಳು ಮೈ ನಡುವಿನ ಸಂದು ಚೆನ್ನಾಗಿ ಕಾಣುವ ಹಾಗೆ, ಕೂದಲ ಸುತ್ತ ಏನೂ ಇಲ್ಲದ ಹಾಗೆ. ಪ್ರೆಸ್ಸಿನವರಿಗೂ ಕತ್ತರಿಸಲು ಸುಲಭ.